ಸುರಪುರ ಸೀಮೆಯ ತಾಂಡಾಗಳು ಮತ್ತು ಲಂಬಾಣಿ ಉಡುಗೆ: ವಲಸೆಯ ನಡುವೆ ಸಂಸ್ಕೃತಿಯ ಉಳಿವು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸುರಪುರ ಸೀಮೆಯನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಗೋಸಲ ವಂಶದ ಬೇಡರ ನಾಯಕರು, 1857-58ರ ಬಂಡಾಯ, ರಾಜಾ ವೆಂಕಟಪ್ಪ ನಾಯಕ, ಮೆಡೋಸ್ ಟೇಲರ್ ಹಾಗೂ ಸುರಪುರದ ಚಿತ್ರಕಲೆಯನ್ನು ಕೇಂದ್ರವಾಗಿಟ್ಟುಕೊಂಡಿವೆ. ಕೋಟೆ ಮತ್ತು ಅರಮನೆಯ ಈ ಚರಿತ್ರೆಯ ಜೊತೆಯಲ್ಲಿಯೇ ಊರುಗಳ ಹೊರಗೆ, ಕಲ್ಲುನೆಲದ ದಿನ್ನೆಗಳ ಮೇಲೆ ನೆಲೆಗೊಂಡ ತಾಂಡಾಗಳ ಚರಿತ್ರೆಯೊಂದಿದೆ. ಅದಕ್ಕೆ ಶಾಸನಗಳಿಲ್ಲ, ದಫ್ತರಗಳು ವಿರಳ. ಲಂಬಾಣಿಗರು ಮನೆಯಲ್ಲಿ ಆಡುವ ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಈ ಸಮುದಾಯದ ಚರಿತ್ರೆಯನ್ನು ಅರಿಯಲು ಉಳಿದಿರುವ ಆಕರಗಳಲ್ಲಿ ಮೌಖಿಕ ಪರಂಪರೆಯ ನಂತರದ ಸ್ಥಾನ ಸ್ತ್ರೀಯರ ಉಡುಗೆಗೆ ಸಲ್ಲುತ್ತದೆ.

ಲಂಬಾಣಿ ಉಡುಗೆಯನ್ನು ಅದರ ಬಣ್ಣ ಮತ್ತು ಕನ್ನಡಿಗಳ ಸೊಬಗಿಗಾಗಿ ವರ್ಣಿಸಿದ ಬರಹಗಳು ಸಾಕಷ್ಟಿವೆ. ಆದರೆ ಒಂದು ವಲಸೆ ಸಮುದಾಯದಲ್ಲಿ ಆ ಉಡುಗೆ ಯಾವ ಕೆಲಸಗಳನ್ನು ನಿರ್ವಹಿಸುತ್ತಿತ್ತು, ಆ ಕೆಲಸಗಳಲ್ಲಿ ಯಾವುವು ಇಂದು ಬೇರೆ ಸಾಧನಗಳ ಪಾಲಾಗಿವೆ, ಯಾವುವು ಇನ್ನೂ ಉಡುಗೆಯಲ್ಲಿಯೇ ಉಳಿದಿವೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಉಡುಗೆಯ ಸಂರಕ್ಷಣೆಯೆಂದರೆ ಏನನ್ನು ಸಂರಕ್ಷಿಸುವುದು ಎಂಬುದನ್ನು ನಿರ್ಧರಿಸಲು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಅಗತ್ಯವಾಗಿದೆ.

ಹೇರಿನ ಕಾಲ

ಲಂಬಾಣಿ, ಲಮಾಣಿ, ಬಂಜಾರ, ಸುಗಾಲಿ, ಲಂಬಾಡ ಮುಂತಾದ ಹೆಸರುಗಳಿಂದ ಕರೆಯಲ್ಪಡುವ ಈ ಜನ ತಮ್ಮನ್ನು ‘ಗೋರ್’ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಗೂ ರಾಜಸ್ಥಾನದ ಆಡುನುಡಿಗಳಿಗೂ ಇರುವ ಹತ್ತಿರದ ಸಂಬಂಧ ಅವರ ಮೂಲನೆಲೆಯ ದಿಕ್ಕನ್ನು ಸೂಚಿಸುತ್ತದೆ. ಎತ್ತುಗಳ ಮೇಲೆ ಧಾನ್ಯ ಮತ್ತು ಉಪ್ಪನ್ನು ಹೇರಿಕೊಂಡು ದೇಶದಿಂದ ದೇಶಕ್ಕೆ ಸಾಗಿಸುವುದು ಅವರ ಕುಲವೃತ್ತಿಯಾಗಿತ್ತು. ಇಂಗ್ಲಿಷ್ ವರ್ತಕ ಪೀಟರ್ ಮಂಡಿ 1632ರಲ್ಲಿ ಉತ್ತರ ಭಾರತದಲ್ಲಿ ತಾನು ಕಂಡ ಒಂದೇ ತಾಂಡಾದಲ್ಲಿ ಧಾನ್ಯ ಹೇರಿದ 14,000 ಎತ್ತುಗಳಿದ್ದವೆಂದು ದಾಖಲಿಸಿದ್ದಾನೆ. ಹೆಂಡಿರು ಮಕ್ಕಳೊಡನೆ ಇಡೀ ಸಂಸಾರವೇ ಈ ಹೇರಿನ ಜೊತೆ ಸಾಗುತ್ತಿತ್ತು. ‘ತಾಂಡಾ’ ಎಂಬ ಪದ ಆಗ ಚಲಿಸುವ ಗುಂಪನ್ನು ಸೂಚಿಸುತ್ತಿತ್ತು. ಅದೇ ಪದ ಇಂದು ನಿಂತ ವಸತಿಯ ಹೆಸರಾಗಿರುವುದು ಈ ಸಮುದಾಯದ ಬದುಕಿನಲ್ಲಾದ ಪಲ್ಲಟವನ್ನು ಸಂಗ್ರಹವಾಗಿ ಹೇಳುತ್ತದೆ.

17ನೆಯ ಶತಮಾನದಲ್ಲಿ ಮೊಘಲ್ ಸೈನ್ಯಗಳು ದಖ್ಖನಿಗೆ ಇಳಿದಾಗ ಅವುಗಳ ಧಾನ್ಯ ಪೂರೈಕೆ ಬಹುಮಟ್ಟಿಗೆ ಬಂಜಾರರ ಎತ್ತುಗಳನ್ನು ಅವಲಂಬಿಸಿತ್ತು. ಔರಂಗಜೇಬನು 1705ರಲ್ಲಿ ಸ್ವತಃ ಮುತ್ತಿಗೆ ಹಾಕಿದ ವಾಗಣಗೇರಿ ಕೋಟೆ ಸುರಪುರದ ಸಮೀಪದಲ್ಲಿಯೇ ಇದೆ. ದೊಡ್ಡ ದಂಡುಗಳು ಸಾಗಿದ ಈ ದಾರಿಗಳು ಹೇರಿನ ದಾರಿಗಳೂ ಆಗಿದ್ದವು. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಗಳಲ್ಲಿ ಇಂಗ್ಲಿಷರು ಸಹ ಇವರ ಸೇವೆಯನ್ನು ಪಡೆದರು. ಸೈನ್ಯಗಳು ಬದಲಾದರೂ ಧಾನ್ಯ ಹೊರುವವರು ಬದಲಾಗಲಿಲ್ಲ.

ಈ ಅಲೆದಾಟದ ಬದುಕಿನಲ್ಲಿ ಸಂಪತ್ತನ್ನು ಮನೆಯ ರೂಪದಲ್ಲಾಗಲಿ ಹೊಲದ ರೂಪದಲ್ಲಾಗಲಿ ಕೂಡಿಡುವುದು ಸಾಧ್ಯವಿರಲಿಲ್ಲ. ಎತ್ತುಗಳು ಮತ್ತು ಹೆಂಗಸರ ಮೈಮೇಲಿನ ಉಡುಗೆ ತೊಡುಗೆಗಳೇ ಅವರ ಆಸ್ತಿಯಾಗಿದ್ದವು. ಬೆಳ್ಳಿಯ ಆಭರಣ, ಬಟ್ಟೆಗೆ ಹೊಲಿದ ನಾಣ್ಯ, ಕವಡೆ ಇವೆಲ್ಲ ಕಳ್ಳಕಾಕರ ಭಯವಿದ್ದ ದಾರಿಯಲ್ಲಿ ಮೈಗೆ ಅಂಟಿಕೊಂಡೇ ಸಾಗುವ ಸಂಪತ್ತು. ಕವಡೆ ಬರುತ್ತಿದ್ದುದು ದೂರದ ಮಾಲ್ದೀವ್ ದ್ವೀಪಗಳಿಂದ, ಕಡಲತೀರದ ಬಂದರುಗಳ ಮೂಲಕ. ಬಯಲುಸೀಮೆಯ ಹೆಂಗಸಿನ ರವಿಕೆಯ ಅಂಚಿಗೆ ಅದು ತಲುಪಿದ್ದು ವ್ಯಾಪಾರದ ದಾರಿಗಳ ಫಲವಾಗಿ.

ಇಲ್ಲಿ ನೇಯ್ಗೆಯ ಪಾತ್ರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಲಂಬಾಣಿಗರು ಸಣಬಿನ ನಾರಿನಿಂದ ಗೋಣಿತಟ್ಟುಗಳನ್ನು ಸಿದ್ಧಪಡಿಸುವುದರಲ್ಲಿ ನಿಪುಣರಾಗಿದ್ದರು. ಎತ್ತಿನ ಬೆನ್ನಿನ ಎರಡೂ ಬದಿಗೆ ಇಳಿಬಿಡುತ್ತಿದ್ದ ಗೋಣಿ ಅವರ ವೃತ್ತಿಯ ಮೂಲ ಉಪಕರಣ. ಆದರೆ ಮೈಗೆ ತೊಡುವ ಬಟ್ಟೆಯನ್ನು ಅವರು ಮಗ್ಗದಲ್ಲಿ ನೇಯಲಿಲ್ಲ. ದಾರಿಯ ಊರುಗಳ ನೇಕಾರರು ನೇಯ್ದ, ಬಣ್ಣಗಾರರು ಅದ್ದಿದ ಒರಟು ಹತ್ತಿ ಬಟ್ಟೆಯನ್ನು ಕೊಂಡು, ಕತ್ತರಿಸಿ, ಹೊಲಿದು, ಕಸೂತಿ ಹಾಕಿ ತಮ್ಮದಾಗಿಸಿಕೊಂಡರು. ಹೀಗಾಗಿ ತೀರ ಭಿನ್ನವಾಗಿ ಕಾಣುವ ಈ ಉಡುಗೆಯ ತಳಬಟ್ಟೆಯಲ್ಲಿ ನೆರೆಯ ಊರಿನ ಮಗ್ಗವಿತ್ತು. ಸುರಪುರ ಸೀಮೆಯಲ್ಲಿಯೂ ಕೈಮಗ್ಗದ ಬಟ್ಟೆ ಸಂತೆಗಳಲ್ಲಿ ಸುಲಭವಾಗಿ ದೊರೆಯುತ್ತಿತ್ತು. ತಾಂಡಾ ಮತ್ತು ಊರಿನ ನಡುವಿನ ಈ ಕೊಡುಕೊಳ್ಳುವಿಕೆಯನ್ನು ಮರೆತು ಲಂಬಾಣಿ ಸಂಸ್ಕೃತಿಯನ್ನು ಪ್ರತ್ಯೇಕ ದ್ವೀಪವೆಂದು ಭಾವಿಸುವುದು ಸರಿಯಲ್ಲ.

ನಿಂತ ತಾಂಡಾ

ಹೇರಿನ ವೃತ್ತಿಗೆ ಕೊನೆಯ ಪೆಟ್ಟು ಬಿದ್ದದ್ದು ರೈಲಿನಿಂದ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ ಕಲಬುರಗಿ, ಯಾದಗಿರಿಗಳ ಮೂಲಕ 1871ರಲ್ಲಿ ರಾಯಚೂರು ಮುಟ್ಟಿತು. ಸಾವಿರಾರು ಎತ್ತುಗಳು ತಿಂಗಳುಗಟ್ಟಲೆ ಸಾಗಿಸುತ್ತಿದ್ದ ಧಾನ್ಯ ಈಗ ಕೆಲವೇ ದಿನಗಳಲ್ಲಿ ತಲುಪತೊಡಗಿತು. ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ವೃತ್ತಿ ಕಳೆದುಕೊಂಡು ಅಲೆಯುವ ಸಮುದಾಯಗಳು ಅನುಮಾನಕ್ಕೆ ಗುರಿಯಾದವು. ಪೋಲಿಸ್ ಅಧಿಕಾರಿ ಗುಂಥಾರ್ಪ್ 1882ರಲ್ಲಿ ಪ್ರಕಟಿಸಿದ ಅಪರಾಧಿ ಬುಡಕಟ್ಟುಗಳ ಕುರಿತ ಪುಸ್ತಕದಲ್ಲಿ ಬಂಜಾರರಿಗೂ ಒಂದು ಅಧ್ಯಾಯ ಮೀಸಲಾಗಿದೆ. ದೂರದಿಂದಲೇ ಗುರುತಿಸಬಹುದಾದ ಉಡುಗೆ ಅಂದಿನವರೆಗೆ ವ್ಯಾಪಾರಿಯ ವಿಶ್ವಾಸಾರ್ಹತೆಯ ಚಿಹ್ನೆಯಾಗಿತ್ತು. ಈಗ ಅದೇ ಉಡುಗೆ ಕಾವಲುಗಾರನ ಕಣ್ಣಿಗೆ ಬೀಳುವ ಗುರುತಾಯಿತು. ಈ ಕಾಯ್ದೆ ರದ್ದಾದದ್ದು 1952ರಲ್ಲಿ. ಕಾಯ್ದೆ ಹೋದರೂ ಅದು ಬಿತ್ತಿದ ಅನುಮಾನ ಜನಮನದಿಂದ ಕೂಡಲೇ ಮರೆಯಾಗಲಿಲ್ಲ.

ಸುರಪುರ ಸಂಸ್ಥಾನ 1858ರ ನಂತರ ತನ್ನ ಅಸ್ತಿತ್ವವನ್ನು ಕಳೆದುಕೊಂಡು ನಿಜಾಮನ ರಾಜ್ಯಕ್ಕೆ ಸೇರಿತು. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಸೈಯದ್ ಸಿರಾಜ್ ಉಲ್ ಹಸನ್ ಅವರು 1920ರಲ್ಲಿ ಪ್ರಕಟಿಸಿದ, ನಿಜಾಮ್ ರಾಜ್ಯದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ಗ್ರಂಥದಲ್ಲಿ ಬಂಜಾರರ ವಿವರಗಳಿವೆ. ಎತ್ತು ಮಾರಿ ನೆಲೆ ನಿಂತ ಕುಟುಂಬಗಳಿಗೆ ಒಳ್ಳೆಯ ಎರೆಭೂಮಿ ದಕ್ಕುವುದು ಕಷ್ಟವಿತ್ತು. ಅವರು ಕಾಡಂಚಿನ, ಕಲ್ಲುನೆಲದ ಜಾಗಗಳಲ್ಲಿ ನಿಂತು ದನಸಾಕಣೆ, ಕಟ್ಟಿಗೆ ಮಾರಾಟ, ಕೂಲಿ ಮತ್ತು ಮಳೆಯಾಶ್ರಿತ ಬೇಸಾಯವನ್ನು ಅವಲಂಬಿಸಿದರು. ತಾಂಡಾದ ಆಡಳಿತ ಮಾತ್ರ ಹಿಂದಿನಂತೆಯೇ ನಾಯಕ, ಕಾರಭಾರಿ, ಡಾವೊ ಇವರ ಕೈಯಲ್ಲಿ, ‘ನಸಾಬ್’ ಎಂಬ ನ್ಯಾಯಕೂಟದ ಮೂಲಕ ನಡೆಯಿತು.

ಉಡುಗೆಯ ರಚನೆ ಮತ್ತು ಅದರ ಅರ್ಥ

ಲಂಬಾಣಿ ಸ್ತ್ರೀಯ ಸಾಂಪ್ರದಾಯಿಕ ಉಡುಗೆಯಲ್ಲಿ ಮೂರು ಮುಖ್ಯ ಭಾಗಗಳಿವೆ. ಸೊಂಟದಿಂದ ಕಾಲ್ಗಿಣ್ಣಿನವರೆಗೆ ಇಳಿಯುವ ನೆರಿಗೆಯ ಲಂಗ ‘ಫೇಟಿಯಾ’. ಬೆನ್ನು ತೆರೆದಿದ್ದು ದಾರಗಳಿಂದ ಕಟ್ಟಿಕೊಳ್ಳುವ ರವಿಕೆ ‘ಕಾಂಚಳಿ’. ತಲೆಯ ಮೇಲಿನಿಂದ ಬೆನ್ನಿಗೆ ಇಳಿಯುವ ಮೇಲುಹೊದಿಕೆ ‘ಛಾಂಟಿಯಾ’. ಇದನ್ನು ಕೆಲವೆಡೆ ‘ಟೂಕ್ರಿ’ ಎಂದೂ ಕರೆಯುತ್ತಾರೆ. ಹಣೆಯ ಮೇಲೆ ಬರುವ ಹೊದಿಕೆಯ ಕಸೂತಿಯ ಅಂಚು ‘ಘೂಂಗಟೊ’. ಇವುಗಳೊಂದಿಗೆ ಕೆನ್ನೆಯ ಪಕ್ಕ ಕೂದಲಿಗೆ ಇಳಿಬಿಡುವ ‘ಘೂಗ್ರಿ’ ಮತ್ತು ‘ಟೋಪ್ಲಿ’, ಕೊರಳ ‘ಹಾಸಲಿ’, ಮೂಗಿನ ‘ಭೂರಿಯಾ’, ಮುಂಗೈಯಿಂದ ತೋಳಿನವರೆಗೆ ತೊಡುವ ‘ಬಲಿಯಾ’ ಸೇರಿ ಒಂದು ಸಮಗ್ರ ವೇಷವಾಗುತ್ತದೆ. ಬಲಿಯಾಗಳು ಹಿಂದೆ ದಂತದವು ಅಥವಾ ಎಲುಬಿನವು. ಇಂದು ಬಹುಪಾಲು ಪ್ಲಾಸ್ಟಿಕ್ಕಿನವು. ವಸ್ತು ಬದಲಾದರೂ ಅವುಗಳ ಬಿಳಿ ಬಣ್ಣ ಮತ್ತು ತೊಡುವ ಕ್ರಮ ಬದಲಾಗಿಲ್ಲ ಎಂಬುದು ಗಮನಾರ್ಹವಾದುದು.

ಧಾರವಾಡ ಭಾಗದ ಕಸೂತಿ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥದು. ಗೋಪುರ, ತೇರು, ಆನೆ, ತುಳಸಿಕಟ್ಟೆ ಅದರ ವಿನ್ಯಾಸಗಳು. ಲಂಬಾಣಿ ಕಸೂತಿ ಹೆಚ್ಚಾಗಿ ಚೌಕ, ತ್ರಿಕೋನ, ವೃತ್ತಗಳ ಜ್ಯಾಮಿತೀಯ ವಿನ್ಯಾಸವನ್ನು ಅನುಸರಿಸುತ್ತದೆ. ಕನ್ನಡಿಯ ತುಣುಕು, ಕವಡೆ, ನಾಣ್ಯ, ಬಿಳಿಲೋಹದ ಗುಂಡಿ, ಉಣ್ಣೆಯ ಗೊಂಡೆ ಮತ್ತು ಬೇರೆ ಬೇರೆ ಬಣ್ಣದ ಬಟ್ಟೆಯ ತೇಪೆಗಳು ಅದರಲ್ಲಿ ಸೇರುತ್ತವೆ. ಸಂಡೂರು ಭಾಗದ ಲಂಬಾಣಿ ಕಸೂತಿಯಲ್ಲಿ ಕಿಲಣ್, ವೇಲೆ, ಬಕ್ಯಾ, ಮಾಕಿ, ಕಾಂಸ್, ತೇರಾ ದೋರಾ, ಕೌದಿ, ರೇಲೊ, ಗಾದ್ರಿ, ನಕ್ರಾ ಮೊದಲಾದ 14 ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ. ಪ್ರತಿಯೊಂದು ಹೊಲಿಗೆಗೂ ಗೋರ್ ಬೋಲಿಯಲ್ಲಿ ಹೆಸರಿರುವುದು ಮುಖ್ಯವಾದ ಸಂಗತಿ. ಹೊಲಿಗೆ ಮರೆಯಾದರೆ ಅದರ ಹೆಸರೂ ಭಾಷೆಯಿಂದ ಮರೆಯಾಗುತ್ತದೆ.

ಉಡುಗೆ ಓದಬಲ್ಲವರಿಗೆ ಒಂದು ವಿವರಪಟ್ಟಿ. ಘೂಗ್ರಿ ತೊಟ್ಟವಳು ಮುತ್ತೈದೆ. ಗಂಡ ತೀರಿಕೊಂಡ ಮೇಲೆ ಘೂಗ್ರಿಯನ್ನೂ ತೋಳಿನ ಬಳೆಗಳನ್ನೂ ತೆಗೆಯುವ ಪದ್ಧತಿಯಿತ್ತು. ಕನ್ಯೆ, ಮುತ್ತೈದೆ, ವಿಧವೆ ಎಂಬ ಸ್ಥಿತಿಗಳು ಮಾತಿಗೆ ಮೊದಲೇ ತಿಳಿಯುತ್ತಿದ್ದವು. ಅಪರಿಚಿತ ಸೀಮೆಯಲ್ಲಿ ಎರಡು ತಾಂಡಾಗಳು ಎದುರಾದಾಗ ಸಂಬಂಧ ಬೆಳೆಸಲು ಬೇಕಾದ ಪ್ರಾಥಮಿಕ ಮಾಹಿತಿ ಹೀಗೆ ಬಟ್ಟೆಯಲ್ಲಿ ಸಿದ್ಧವಾಗಿರುತ್ತಿತ್ತು. ಈ ವ್ಯವಸ್ಥೆಯಲ್ಲಿ ವಿಧವೆಗೆ ವಿಧಿಸಿದ್ದ ನಿರಾಭರಣ ಸ್ಥಿತಿಯ ಕಠೋರತೆಯನ್ನು ಕಡೆಗಣಿಸಿ ಉಡುಗೆಯನ್ನು ಕೇವಲ ಸೌಂದರ್ಯದ ದೃಷ್ಟಿಯಿಂದ ಹೊಗಳುವುದು ಅಧ್ಯಯನದ ಮಿತಿಯಾಗುತ್ತದೆ.

ಮದುವೆ, ಹಾಡು ಮತ್ತು ಸೂಜಿ

ಲಂಬಾಣಿ ಉಡುಗೆಯ ಜ್ಞಾನ ತಲೆಮಾರಿನಿಂದ ತಲೆಮಾರಿಗೆ ಸಾಗಿದ್ದು ಮುಖ್ಯವಾಗಿ ಮದುವೆಯ ಸಿದ್ಧತೆಯ ಮೂಲಕ. ಮಗಳು ಚಿಕ್ಕವಳಿರುವಾಗಲೇ ತಾಯಿ ಅವಳ ಮದುವೆಯ ಕಾಂಚಳಿ, ಫೇಟಿಯಾ, ಚೀಲಗಳನ್ನು ಹೊಲಿಯಲು ತೊಡಗುತ್ತಿದ್ದಳು. ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬೆ ಹಾಗೂ ಅದರಿಂದ ಬೆನ್ನಿಗೆ ಇಳಿಬೀಳುವ ಕಸೂತಿಯ ‘ಗಣೊ’ ಸಹ ಈ ಸಿದ್ಧತೆಯ ಭಾಗ. ಹೊಲಿಗೆಯ ವರ್ಷಗಳಲ್ಲಿ ಮಗಳು ಪಕ್ಕದಲ್ಲಿ ಕುಳಿತು ಸೂಜಿ ಹಿಡಿಯುವುದನ್ನು ಕಲಿಯುತ್ತಿದ್ದಳು. ಇದೇ ಕಾಲದಲ್ಲಿ ಹಿರಿಯ ಹೆಂಗಸರು ಅವಳಿಗೆ ‘ಢಾವ್ಲೊ’ ಕಲಿಸುತ್ತಿದ್ದರು. ತವರನ್ನು ಬಿಡುವ ಮದುಮಗಳು ತಂದೆ, ತಾಯಿ, ಅಣ್ಣತಮ್ಮಂದಿರ ಕೊರಳಿಗೆ ಬಿದ್ದು ಅಳುತ್ತ ಹಾಡುವ ಹಾಡು ಇದು. ಸಿಂಗರಿಸಿದ ಎತ್ತಿನ ಮೇಲೆ ನಿಂತು ತವರಿನ ತಾಂಡಾಕ್ಕೆ ಶುಭ ಕೋರುವ ಹಾಡಿಗೆ ‘ಹವೇಲಿ’ ಎಂದು ಹೆಸರು. ಹೇರಿನ ವೃತ್ತಿ ನಿಂತು ಎಷ್ಟೋ ಕಾಲದ ನಂತರವೂ ಮದುವೆಯಲ್ಲಿ ಎತ್ತು ಉಳಿದುಕೊಂಡಿತು.

ಸೂಜಿ ಮತ್ತು ಹಾಡು ಒಂದೇ ಅಂಗಳದಲ್ಲಿ, ಒಂದೇ ಗುರುಪರಂಪರೆಯಲ್ಲಿ ಸಾಗಿಬಂದವು. ಮದುವೆಯ ಸಿದ್ಧತೆ ವರ್ಷಗಳಿಂದ ದಿನಗಳಿಗೆ ಇಳಿದಾಗ ಎರಡೂ ಒಟ್ಟಿಗೆ ಸೊರಗಿದವು. ಢಾವ್ಲೊ ಹಾಡುಗಳ ಸಂಗ್ರಹವನ್ನು ಸಾಹಿತ್ಯವಿಭಾಗದವರಿಗೂ ಕಸೂತಿಯನ್ನು ಕರಕುಶಲ ವಿಭಾಗದವರಿಗೂ ಹಂಚಿಕೊಡುವ ಅಧ್ಯಯನಕ್ರಮ ಈ ಸಂಬಂಧವನ್ನು ಕಾಣದೆ ಹೋಗುತ್ತದೆ.

ಗುಳೆ ಮತ್ತು ಪೆಟ್ಟಿಗೆ ಸೇರಿದ ಉಡುಗೆ

ನಾರಾಯಣಪುರ ಜಲಾಶಯ 1982ರಲ್ಲಿ ಪೂರ್ಣಗೊಂಡ ನಂತರ ಸುರಪುರ ಸೀಮೆಯ ಕಾಲುವೆಯ ಕೆಳಗಿನ ಭೂಮಿ ಭತ್ತದ ಗದ್ದೆಯಾಯಿತು. ದಿನ್ನೆಗಳ ಮೇಲಿನ ಒಣಭೂಮಿಗೆ ನೀರು ಏರಲಿಲ್ಲ. ಅಂಥ ನೆಲವನ್ನು ನಂಬಿದ ತಾಂಡಾಗಳಲ್ಲಿ ಸುಗ್ಗಿ ಮುಗಿದೊಡನೆ ಗುಳೆ ಹೋಗುವುದು ವಾಡಿಕೆಯಾಯಿತು. ಮುಂಬಯಿ, ಪುಣೆ, ಗೋವಾ, ಬೆಂಗಳೂರುಗಳ ಕಟ್ಟಡ ಕೆಲಸ ಮತ್ತು ರಸ್ತೆ ಕಾಮಗಾರಿಗಳು ಈ ಗುಳೆಯ ನೆಲೆಗಳು. ಒಮ್ಮೆ ಧಾನ್ಯ ಹೊತ್ತು ನಡೆದ ಸಮುದಾಯ ಈಗ ದುಡಿಮೆಯನ್ನೇ ಹೊತ್ತು ನಡೆಯುವಂತಾಯಿತು. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದ ಕಾರ್ಮಿಕರಿಂದ ಯಾದಗಿರಿ ಜಿಲ್ಲೆಯ ಶಾಲೆ, ವಸತಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾಗಿ ತುಂಬಿದಾಗ ಈ ಭಾಗದ ಗುಳೆಯ ವ್ಯಾಪ್ತಿ ಹೊರಗಿನವರಿಗೂ ತಿಳಿಯಿತು.

ಹಳೆಯ ವಲಸೆ ಮತ್ತು ಹೊಸ ವಲಸೆಗಳ ನಡುವೆ ಉಡುಗೆಯ ದೃಷ್ಟಿಯಿಂದ ಮೂಲಭೂತ ವ್ಯತ್ಯಾಸವಿದೆ. ಹೇರಿನ ಕಾಲದಲ್ಲಿ ಇಡೀ ತಾಂಡಾ ಒಟ್ಟಿಗೆ ಚಲಿಸುತ್ತಿತ್ತು. ಉಡುಗೆಯನ್ನು ಹೊಲಿಯುವವರು, ತೊಡುವವರು, ಅದರ ಅರ್ಥವನ್ನು ಬಲ್ಲವರು ಎಲ್ಲರೂ ಒಂದೇ ಗುಂಪಿನಲ್ಲಿದ್ದರು. ಗುಳೆಯ ವಲಸೆಯಲ್ಲಿ ಗಂಡ ಹೆಂಡಿರು ದುಡಿಮೆಗೆ ಹೋದರೆ ಮುದುಕರು ಹಾಗೂ ಶಾಲೆಗೆ ಹೋಗುವ ಮಕ್ಕಳು ತಾಂಡಾದಲ್ಲಿ ಉಳಿಯುತ್ತಾರೆ. ಕಲಿಸಬೇಕಾದ ಅಜ್ಜಿ ಮತ್ತು ಮೊಮ್ಮಗಳ ನಡುವಿನ ತಲೆಮಾರು ದೂರದ ಊರಿನಲ್ಲಿರುತ್ತದೆ. ಕಟ್ಟಡದ ಸಾರವೆಯ ಮೇಲೆ ಭಾರವಾದ ಫೇಟಿಯಾ ತೊಟ್ಟು ಇಟ್ಟಿಗೆ ಹೊರುವುದು ಅಪಾಯಕರ. ಗುಳೆ ಹೋದ ಊರಿನಲ್ಲಿ ಈ ಉಡುಗೆ ತೊಟ್ಟವಳು ಬೇಗ ಗುರುತಿಗೂ ಕೆಲವೊಮ್ಮೆ ಅವಹೇಳನಕ್ಕೂ ಒಳಗಾಗುತ್ತಾಳೆ. ಮಿಲ್ಲಿನ ಸೀರೆ ಅಗ್ಗ, ಹಗುರ, ಯಾರ ಗಮನವನ್ನೂ ಸೆಳೆಯದು. ಆದ್ದರಿಂದ ಉಡುಗೆ ಬಿಟ್ಟ ಹೆಣ್ಣುಮಕ್ಕಳು ಸಂಸ್ಕೃತಿಯನ್ನು ತೊರೆದರೆಂದು ದೂಷಿಸುವುದು ಅನ್ಯಾಯವಾಗುತ್ತದೆ. ಅವರು ತಮ್ಮ ದುಡಿಮೆಗೆ ತಕ್ಕ ಬಟ್ಟೆಯನ್ನು ಆರಿಸಿಕೊಂಡರು.

ಇನ್ನೊಂದು ಕಾರಣವೂ ಇದೆ. ಗುರುತಿನ ಕೆಲಸವನ್ನು ಕಾಗದಗಳು ವಹಿಸಿಕೊಂಡವು. 1976ರ ತಿದ್ದುಪಡಿ ಕಾಯ್ದೆ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದ ಪ್ರದೇಶ ನಿರ್ಬಂಧಗಳನ್ನು ತೆಗೆದ ಮೇಲೆ ಕರ್ನಾಟಕದ ಲಂಬಾಣಿಗರಿಗೆ ಜಾತಿ ಪ್ರಮಾಣಪತ್ರ ಮುಖ್ಯ ಗುರುತಾಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಕಂದಾಯ ಗ್ರಾಮಗಳಾಗಿ ಮಾನ್ಯತೆ ಪಡೆದ ತಾಂಡಾಗಳ ಜನರಿಗೆ ವಾಸದ ನೆಲ ಕಾಗದದ ಮೇಲೂ ಅವರದಾಯಿತು. ಇದು ಸ್ವಾಗತಾರ್ಹವಾದ ಬೆಳವಣಿಗೆ. ಆದರೆ ಕಾಗದದ ಗುರುತು ರಾಜ್ಯದ ಗಡಿಗೆ ನಿಲ್ಲುತ್ತದೆ. ಒಂದೇ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ರಾಠೋಡ, ಪವಾರ, ಚವ್ಹಾಣ, ಜಾಧವ ಕುಲಗಳ ನಂಟಸ್ತಿಕೆ ಮಾತ್ರ ಈ ಮೂರೂ ರಾಜ್ಯಗಳನ್ನು ದಾಟಿ ಹಬ್ಬಿದೆ. ಮೂರು ಪಟ್ಟಿಗಳಲ್ಲಿ ಹಂಚಿಹೋದ ಜನರನ್ನು ಒಂದೇ ‘ಗೋರ್’ ಆಗಿ ಕಾಣಿಸುವ ಕೆಲಸವನ್ನು ಭಾಷೆ ಮತ್ತು ಉಡುಗೆ ಈಗಲೂ ಮಾಡುತ್ತಿವೆ.

ಅದಕ್ಕಾಗಿಯೇ ದಿನನಿತ್ಯದ ಬಳಕೆಯಿಂದ ಹಿಂದೆ ಸರಿದ ಉಡುಗೆ ಹಬ್ಬಗಳಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ. ಶ್ರಾವಣದಲ್ಲಿ ಕನ್ಯೆಯರು ಬುಟ್ಟಿಗಳಲ್ಲಿ ಗೋಧಿಯ ಸಸಿ ಬೆಳೆಸುವ ತೀಜ್, ದೀಪಾವಳಿಯ ಅಮಾವಾಸ್ಯೆಯಂದು ದೀಪ ಹಿಡಿದು ಮನೆಮನೆಗೆ ಹೋಗಿ ಹಾರೈಸುವ ಮೇರಾ, ಹೋಳಿಯ ಲೇಂಗಿ ಹಾಡುಗಳು ಮತ್ತು ಫೆಬ್ರವರಿ 15ರ ಸಂತ ಸೇವಾಲಾಲ್ ಜಯಂತಿ ಇವು ಇಂದು ಪೆಟ್ಟಿಗೆ ತೆರೆಯುವ ಸಂದರ್ಭಗಳಾಗಿವೆ. ಗುಳೆ ಹೋದವರು ಹಬ್ಬಕ್ಕೆಂದು ತಾಂಡಾಕ್ಕೆ ಮರಳುತ್ತಾರೆ. ಆಗ ಅಜ್ಜಿಯ ಫೇಟಿಯಾ ಮೊಮ್ಮಗಳ ಮೈಗೇರುತ್ತದೆ.

ಸಂಡೂರಿನ ಅನುಭವ

ಲಂಬಾಣಿ ಕಸೂತಿಯನ್ನು ಜೀವನೋಪಾಯವಾಗಿ ಉಳಿಸುವ ಪ್ರಯತ್ನಗಳಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರದ ಸಾಧನೆ ಪ್ರಮುಖವಾದುದು. 1984ರಲ್ಲಿ ಆರಂಭವಾದ ಈ ಸಂಸ್ಥೆ ತಾಂಡಾಗಳ ಮಹಿಳೆಯರ ಕೌಶಲಕ್ಕೆ ಮಾರುಕಟ್ಟೆ ಒದಗಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಮಿತಿಯ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಪಡೆಯಿತು.

ಈ ಪ್ರಯತ್ನದ ಲಾಭಗಳು ಸ್ಪಷ್ಟವಾಗಿವೆ. ಹೊಲಿಗೆಗಳ ಹೆಸರುಗಳು ದಾಖಲಾದವು. ಮನೆಯಲ್ಲಿದ್ದುಕೊಂಡೇ ಸಂಪಾದಿಸುವ ದಾರಿ ತೆರೆಯಿತು. ಅವಹೇಳನಕ್ಕೆ ಗುರಿಯಾದ ಕೌಶಲಕ್ಕೆ ಗೌರವ ಬಂದಿತು. ಇದರ ಜೊತೆಗೆ ಒಂದು ಮಾರ್ಪಾಡೂ ಆಗಿದೆ. ಮಾರುಕಟ್ಟೆಗಾಗಿ ಸಿದ್ಧವಾಗುವ ವಸ್ತು ದಿಂಬಿನ ಗವಸು, ಕೈಚೀಲ, ಕುರ್ತಾ. ಅದನ್ನು ಕೊಳ್ಳುವವರಿಗೆ ಘೂಗ್ರಿಯ ಅರ್ಥ ತಿಳಿಯಬೇಕಾಗಿಲ್ಲ. ತಾಯಿ ಮಗಳಿಗಾಗಿ ಹೊಲಿಯುತ್ತಿದ್ದ ಬಟ್ಟೆಯಲ್ಲಿ ಸಮಯಕ್ಕೆ ಬೆಲೆಯಿರಲಿಲ್ಲ. ಮಾರುಕಟ್ಟೆಯ ಬಟ್ಟೆಯಲ್ಲಿ ಗಂಟೆಗೆ ಲೆಕ್ಕವಿದೆ. ಹೆಚ್ಚು ಕಾಲ ಬೇಡುವ ಹೊಲಿಗೆಗಳು ಹಿಂದೆ ಸರಿಯುವ ಅಪಾಯ ಇಲ್ಲಿದೆ. ಮತ್ತೊಂದೆಡೆ ಹಳೆಯ ಕಾಂಚಳಿ, ಫೇಟಿಯಾಗಳು ವ್ಯಾಪಾರಿಗಳ ಕೈಸೇರಿ, ತುಂಡುತುಂಡಾಗಿ ಕತ್ತರಿಸಲ್ಪಟ್ಟು, ಹೊಸ ವಸ್ತುಗಳಿಗೆ ಅಲಂಕಾರವಾಗುತ್ತಿವೆ. ಗುಳೆಯ ಖರ್ಚಿಗೋ ಔಷಧಿಗೋ ಮಾರಿದ ಅಂಥ ಒಂದು ಉಡುಗೆಯೊಂದಿಗೆ ಒಂದು ಕುಟುಂಬದ ದಾಖಲೆಯೇ ತಾಂಡಾದಿಂದ ಹೊರಹೋಗುತ್ತದೆ.

ಉಪಸಂಹಾರ

ಲಂಬಾಣಿ ಉಡುಗೆ ಹೇರಿನ ಕಾಲದಲ್ಲಿ ಆಸ್ತಿ, ಗುರುತು, ನಂಟಸ್ತಿಕೆಯ ನಿಯಮ ಮತ್ತು ನೆನಪು ಎಂಬ ನಾಲ್ಕು ಕೆಲಸಗಳನ್ನು ಏಕಕಾಲದಲ್ಲಿ ನಿರ್ವಹಿಸುತ್ತಿತ್ತು. ಆಸ್ತಿಯ ಕೆಲಸ ಇಂದು ಹಕ್ಕುಪತ್ರಕ್ಕೂ ಬ್ಯಾಂಕಿಗೂ ವರ್ಗವಾಗಿದೆ. ಗುರುತಿನ ಕೆಲಸದ ಬಹುಭಾಗವನ್ನು ಪ್ರಮಾಣಪತ್ರ ವಹಿಸಿಕೊಂಡಿದೆ. ಮುತ್ತೈದೆ ಮತ್ತು ವಿಧವೆಯರ ನಡುವೆ ಗೆರೆ ಎಳೆಯುವ ನಿಯಮ ಸಡಿಲವಾಗುತ್ತಿದ್ದರೆ ಅದಕ್ಕಾಗಿ ವಿಷಾದಪಡಬೇಕಾಗಿಲ್ಲ. ನೆನಪಿನ ಕೆಲಸವನ್ನು ಮಾತ್ರ ವಹಿಸಿಕೊಳ್ಳಬಲ್ಲ ಇನ್ನೊಂದು ಸಾಧನ ತಾಂಡಾದಲ್ಲಿ ಇನ್ನೂ ಸಿದ್ಧವಾಗಿಲ್ಲ. ಹೊಲಿಗೆಯ ಹೆಸರು, ಅದರ ಕ್ರಮ, ಅದರೊಡನೆ ಬರುವ ಹಾಡು, ಯಾವ ತುಣುಕನ್ನು ಯಾವ ಸಂದರ್ಭಕ್ಕೆ ತೊಡಬೇಕೆಂಬ ತಿಳಿವಳಿಕೆ ಇವೆಲ್ಲ ಹಿರಿಯ ಹೆಂಗಸರ ಕೈ ಮತ್ತು ಕೊರಳಲ್ಲಿ ಉಳಿದಿವೆ.

ಆದ್ದರಿಂದ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಫೇಟಿಯಾವನ್ನು ಇರಿಸುವುದರಿಂದ ಸಂರಕ್ಷಣೆಯ ಹೊಣೆ ಮುಗಿಯುವುದಿಲ್ಲ. ಪ್ರತಿ ಉಡುಗೆಯ ಜೊತೆ ಅದನ್ನು ಹೊಲಿದವರ ತಾಂಡಾ, ಹೊಲಿಗೆಗಳ ಗೋರ್ ಬೋಲಿ ಹೆಸರು, ತೊಟ್ಟ ಸಂದರ್ಭ, ಹಾಡಿದ ಹಾಡುಗಳು ದಾಖಲಾಗಬೇಕು. ಗುಳೆಯ ಕಾಲಚಕ್ರವನ್ನು ಗಮನಿಸಿ, ಎಲ್ಲರೂ ತಾಂಡಾಕ್ಕೆ ಮರಳುವ ಹಬ್ಬದ ದಿನಗಳಲ್ಲಿಯೇ ಕಲಿಕೆಯ ಶಿಬಿರಗಳನ್ನು ಏರ್ಪಡಿಸುವುದು ಉಚಿತ. ಕಲಿಸುವ ಹಿರಿಯರಿಗೆ ಆ ದಿನಗಳ ಕೂಲಿಗೆ ಕಡಿಮೆಯಿಲ್ಲದ ಸಂಭಾವನೆ ಸಲ್ಲಬೇಕು. ಸುರಪುರ, ಹುಣಸಗಿ, ಶಹಾಪುರ ಭಾಗದ ತಾಂಡಾಗಳ ಉಡುಗೆಯನ್ನು ಸಂಡೂರಿನ ಮಾದರಿಯೊಡನೆ ಹೋಲಿಸಿ, ಸ್ಥಳೀಯ ಭೇದಗಳನ್ನು ಗುರುತಿಸುವ ಕ್ಷೇತ್ರಕಾರ್ಯ ವಿಳಂಬವಿಲ್ಲದೆ ನಡೆಯಬೇಕಾಗಿದೆ.

ಊರೂರು ತಿರುಗುತ್ತಿದ್ದಾಗ ಈ ಸಮುದಾಯ ತನ್ನ ಸಂಸ್ಕೃತಿಯನ್ನು ಮೈಮೇಲೆ ಹೊತ್ತು ನಡೆಯಿತು. ನೆಲೆ ನಿಂತ ಮೇಲೆ, ಮತ್ತೆ ಗುಳೆ ಹೊರಟ ಮೇಲೆ, ಆ ಹೊರೆಯನ್ನು ತಾಂಡಾದ ಮುದುಕಿಯರು ಒಬ್ಬರೇ ಹೊತ್ತಿದ್ದಾರೆ. ಅದನ್ನು ಹಂಚಿಕೊಳ್ಳುವುದು ಸಮುದಾಯದ ವಿದ್ಯಾವಂತ ತಲೆಮಾರಿನ ಕರ್ತವ್ಯ. ಆ ತಲೆಮಾರಿಗೆ ಬೇಕಾದ ನೆರವು ನೀಡುವುದು ವಿಶ್ವವಿದ್ಯಾಲಯಗಳ ಮತ್ತು ಅಕಾಡೆಮಿಗಳ ಹೊಣೆಯಾಗಿದೆ.